ಪ್ರೆಸ್ಸಿನ ರದ್ದಿಗೆ ಶುಕ್ರದೆಸೆ

ಅಮೆರಿಕದಲ್ಲಿ ಬೇಸ್‌ಬಾಲ್‌ನಿಂದ ದುಡ್ಡು ಮಾಡಲು ಬ್ಯಾಟ್ ಹಿಡಿಯಲೇಬೇಕೆಂದಿಲ್ಲ. ಐವತ್ತು ವರ್ಷದ ಹಿಂದೆ ಆಟಗಾರರ ಕಾರ್ಡ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿದ್ದರೆ ಸಾಕಿತ್ತು. ಗುಡಿಸಿದ್ದನ್ನು ಎಸೆಯದೆ ಮನೆಗೆ ಒಯ್ಯುವ ಬುದ್ಧಿ ಇರಬೇಕಿತ್ತು, ಅಷ್ಟೇ.

ಟಾಪ್ಸ್ ಕಂಪನಿ ಚೂಯಿಂಗ್ ಗಮ್ ಜೊತೆ ಆಟಗಾರರ ಚಿತ್ರದ ಕಾರ್ಡ್ ಇಟ್ಟು ಮಕ್ಕಳಿಗೆ ಮಾರುತ್ತಿತ್ತು. ಬಣ್ಣ ಸರಿ ಕೂತಿದೆಯಾ, ಹೆಸರು ಸರಿ ಇದೆಯಾ ಅಂತ ನೋಡಲು ಮೊದಲು ಕೆಲವು ಹಾಳೆ ತೆಗೆಯುತ್ತಾರಲ್ಲ, ಅದೇ ಪ್ರೂಫ್. ರದ್ದಿಗೆ ಹೋಗಬೇಕಿದ್ದ ಆ ಹಾಳೆಗಳಿಗೇ ಈಗ ಕಾರ್ಡ್ ಸಂಗ್ರಹಕಾರರು ದುಡ್ಡು ಸುರಿಯುತ್ತಾರೆ. ಎಷ್ಟೋ ಸಲ ಹಿಂಬದಿ ಪೂರ್ತಿ ಖಾಲಿ. ಕೆಲವದರಲ್ಲಿ ಒಂದೇ ಬಣ್ಣ. ಮುಖ ಹಳದಿಯಾದರೆ ನಾವು ಡಾಕ್ಟರ ಹತ್ತಿರ ಓಡುತ್ತೇವೆ. ಇವರು ಹಳದಿ ಮುಖದ ಆಟಗಾರನನ್ನು ಕಂಡರೆ ಬ್ಯಾಂಕಿಗೆ ಓಡುತ್ತಾರೆ.

1977ರ ರೆಜ್ಜಿ ಜಾಕ್ಸನ್ ಕಾರ್ಡ್ ನೋಡಿ. 1976ರಲ್ಲಿ ಜಾಕ್ಸನ್ ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕೆ ಆಡಿದರು. ಆ ನವೆಂಬರಿನಲ್ಲಿ ನ್ಯೂಯಾರ್ಕಿನ ಯಾಂಕೀಸ್ ತಂಡ ಸೇರಿದರು. ಹೊಸ ಫೋಟೋಗೆ ಕಾಯುವಷ್ಟು ಪುರುಸೊತ್ತು ಎಲ್ಲಿ? ಕಲಾವಿದರಿಂದ ಚಿತ್ರದ ಮೇಲೆ ಯಾಂಕೀಸ್ ಉಡುಪು ಬರೆಸಿದರು. ಹೀಗೆ ಬಣ್ಣ ಬಳಿದ ಸುಳ್ಳು ಅಂಗಡಿ ಅಂಗಡಿಗೆ ಹೋಯಿತು. ನಿಜವಾಗಿ ತೊಟ್ಟು ಆಡಿದ ಓರಿಯೋಲ್ಸ್ ಉಡುಪಿನ ಕಾರ್ಡ್ ಪ್ರೂಫಿನಲ್ಲೇ ನಿಂತಿತು. ಈಗ ಆ ನಿಜಕ್ಕಾಗಿ ಹರಾಜಿನಲ್ಲಿ ಜಟಾಪಟಿ. 1961ರಲ್ಲಿ ಯಾಂಕೀಸ್‌ಗೆ 61 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದ ರೋಜರ್ ಮ್ಯಾರಿಸ್ ಕಥೆಯೂ ಇಂಥದ್ದೇ. 1966ರ ಡಿಸೆಂಬರಿನಲ್ಲಿ ಅವರು ಕಾರ್ಡಿನಲ್ಸ್ ತಂಡಕ್ಕೆ ಹೋದರು. ಹಳೇ ತಂಡದ ಹೆಸರು ಉಳಿದ 1967ರ ಪ್ರೂಫಿಗೆ ಗಿರಾಕಿಗಳು ಹಾತೊರೆಯುತ್ತಾರೆ.

ಇದರಲ್ಲಿ ಮಡಿ ಮೈಲಿಗೆಯೂ ಉಂಟು. ಪ್ರೂಫ್ ಹಾಳೆಯಿಂದ ಕಾರ್ಡನ್ನು ಯಾರೋ ಕತ್ತರಿಯಲ್ಲಿ ಅಂಕುಡೊಂಕಾಗಿ ಕತ್ತರಿಸಿದ್ದರೆ ದೋಷವಿಲ್ಲ. ‘ಕೈಯಲ್ಲಿ ಕತ್ತರಿಸಿದ್ದು’ ಅಂತ ಗೌರವದಿಂದ ಹೇಳಿ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತಾರೆ. ಬಿಡುಗಡೆಯಾದ ಕಾರ್ಡಿನ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿದರೋ, ಮಹಾಪಾಪ! ಹಳೇ ಕಾಲದ ಆಟಗಾರ ಹೋನಸ್ ವ್ಯಾಗ್ನರ್ ಅವರ 1909ರ ಕಾಲದ, ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ ತಂಬಾಕು ಕಾರ್ಡುಗಳಲ್ಲಿ ಅತಿ ಪ್ರಸಿದ್ಧವಾದ ಒಂದಕ್ಕೆ ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಪಿಎಸ್‌ಎ ಎಂಬ ಪರೀಕ್ಷೆ ಕಂಪನಿ 10ಕ್ಕೆ 8 ಅಂಕ ಕೊಟ್ಟಿತ್ತು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಹೋಯಿತು. ಅದರ ಅಂಚು ಕತ್ತರಿಸಿದ್ದು ತಾನೇ ಅಂತ ಹರಾಜುಗಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡರು. ಹರಾಜಿನಲ್ಲಿ ಸುಳ್ಳು ಬಿಡ್ ಹಾಕಿಸಿದ ಕೇಸಿನಲ್ಲಿ ಅವರು 20 ತಿಂಗಳ ಶಿಕ್ಷೆಗೆ ಒಳಗಾದರು. ಕಾರ್ಡ್ ಮಾತ್ರ ಇಂದಿಗೂ ಗಣ್ಯ.

ಸಂಗ್ರಹಕಾರರಿಗೆ ದೊಡ್ಡ ಹೆಮ್ಮೆ ಏನು ಗೊತ್ತಾ? ‘ಇದನ್ನು ಒಂದು ಮಗುವೂ ಮುಟ್ಟಿಲ್ಲ.’ ಮಕ್ಕಳಿಗೆಂದೇ ಮಾಡಿದ ವಸ್ತು ಸ್ವಾಮಿ! ಆ ಕಾಲದ ಹುಡುಗರು ಕಾರ್ಡನ್ನು ಸೈಕಲ್ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಕೊಂಡು ಸುತ್ತುತ್ತಿದ್ದರು. ಅಂಥ ಕಾರ್ಡಿಗೆ ಈಗ ಅಂಕ ಸಿಕ್ಕರೂ ಬಲು ಕಡಿಮೆ.

ಕಂಪನಿಗೂ ತಡವಾಗಿ ಜ್ಞಾನೋದಯವಾಯಿತು. 1989ರಲ್ಲಿ ಟಾಪ್ಸ್ ತನ್ನ ಉಗ್ರಾಣವನ್ನೇ ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟಿತು. ಈಚೆಗಂತೂ ಅಚ್ಚು ಹಾಕಿದ ಲೋಹದ ತಗಡುಗಳನ್ನೇ ಕತ್ತರಿಸಿ ಪ್ಯಾಕೆಟ್ಟಿಗೆ ಹಾಕುತ್ತಾರೆ, ‘ಜಗತ್ತಿನಲ್ಲಿ ಇದೊಂದೇ’ ಅಂತ. ಶಾಯಿ ಒರೆಸಿದ ಬಟ್ಟೆಯನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಅಚ್ಚಿನ ನಾಲ್ಕೂ ಬಣ್ಣ ಅದರಲ್ಲೇ ಇರುತ್ತಲ್ಲಾ?