ಮೋರಿಗೊಂದು ನ್ಯಾಯ, ಮನೆಗೊಂದು ನ್ಯಾಯ

ಶಿವಮೊಗ್ಗದ ಬೀದಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಮೆಣಸಿನಕಾಯಿ ಬಜ್ಜಿ ಕರಿಯುವವನೂ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳಬೇಕು. ಲೋಕೋಪಯೋಗಿ ಇಲಾಖೆಗೆ ಒಂದು ಮೋರಿ ಕಟ್ಟಿಸಬೇಕಾದರೂ ದರ್ಜೆವಾರು ನೋಂದಾಯಿತನಾದ ಗುತ್ತಿಗೆದಾರನೇ ಬೇಕು. ಆದರೆ ಅಡಿಕೆ ಮಾರಿದ ದುಡ್ಡಿಗೆ ಬ್ಯಾಂಕಿನ ಸಾಲ ಸೇರಿಸಿ ನಾವು ನೀವು ಮನೆ ಕಟ್ಟಿಸಲು ಹೊರಟರೆ, ಕಟ್ಟುವವನ ಬಳಿ ಒಂದು ಟೇಪು, ಒಂದು ತೂಗುಗುಂಡು ಮತ್ತು 'ನಾನಿದ್ದೀನಲ್ಲ ಸಾರ್' ಎಂಬ ಅಭಯವಾಕ್ಯ ಇದ್ದರೆ ಸಾಕು. ಮೋರಿ ಕುಸಿದರೆ ಸರ್ಕಾರಕ್ಕೆ ನಷ್ಟ. ಮನೆ ಕುಸಿದರೆ ಅದು ನಮ್ಮ ಗ್ರಹಚಾರ.

ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಕಟ್ಟಡದ ರಚನಾದೋಷವನ್ನು ಐದು ವರ್ಷಗಳವರೆಗೆ ಬಿಲ್ಡರೇ ಪುಕ್ಕಟೆಯಾಗಿ ಸರಿಪಡಿಸಿಕೊಡಬೇಕೆಂದು 2016ರ ಆ ಕಾಯ್ದೆ ಹೇಳುತ್ತದೆ. ಆದರೆ ಅದು ಮಾರಾಟಕ್ಕೆಂದು ಕಟ್ಟುವ ದೊಡ್ಡ ಯೋಜನೆಗಳ ಮಾತು. ಸ್ವಂತ ಸೈಟಿನಲ್ಲಿ ಮೇಸ್ತ್ರಿಯಿಂದ ಮನೆ ಕಟ್ಟಿಸಿಕೊಳ್ಳುವವನು ಅದರ ಸೂರಿನಡಿ ಬರುವುದಿಲ್ಲ.

ನಮ್ಮ ಮನೆಯ ಕರಾರು ಒಂದು ಮದುವೆಯ ಕರೆಯೋಲೆಯ ಬೆನ್ನ ಮೇಲೆ ಆಯಿತು. ಸ್ಕ್ವೇರಿಗೆ ಇಷ್ಟು, ಮೌಲ್ಡಿನ ಹೊತ್ತಿಗೆ ಇಷ್ಟು, ಗೃಹಪ್ರವೇಶಕ್ಕೆ ಉಳಿದದ್ದು ಎಂದು ಮೇಸ್ತ್ರಿ ಬಡಗಿಯ ಪೆನ್ಸಿಲಿನಿಂದ ಬರೆದುಕೊಟ್ಟರು. ಮೌಲ್ಡಿಗೆ ನೀರುಣಿಸುವ ಕೆಲಸ ಮೂರೇ ದಿನಕ್ಕೆ ನಿಂತಿತು. ಆಷಾಢದ ಮೊದಲ ಜಡಿಮಳೆಗೆ ದೇವರಕೋಣೆಯ ಮೂಲೆಯಲ್ಲಿ ಹನಿ ಜಿನುಗಿ, ವಾರ ಕಳೆಯುವುದರೊಳಗೆ ನಡುಮನೆಗೆ ಎರಡು ಬಕೆಟ್ಟು, ಒಂದು ಹಂಡೆ ಬಂದು ಕೂತವು. ಕರೆಸಿ ತೋರಿಸಿದರೆ ಮೇಸ್ತ್ರಿ ತಲೆಯೆತ್ತಿ ನೋಡಿ, 'ಮಲೆನಾಡಲ್ಲಿ ಸೋರದ ಮನೆ ಯಾವುದಿದೆ ಸಾರ್?' ಎಂದು ನನ್ನನ್ನೇ ಕೇಳಿದರು. ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಕೊನೆಗೆ ವಕೀಲರ ಬಳಿ ಹೋದೆ. ಮನೆ ನಿರ್ಮಾಣವೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಒಂದು 'ಸೇವೆ'ಯೇ ಎಂದು ಅವರು ಹೇಳಿದಾಗ, ನನಗೆ ಸೇವೆ ಚೆನ್ನಾಗಿಯೇ ಆಗಿದೆ ಅನ್ನಿಸಿತು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಬಾಯಿಮಾತಿನ ಕರಾರಿಗೂ ಬೆಲೆಯಿದೆ, ಸಾಬೀತು ಮಾಡಬೇಕಷ್ಟೆ ಎಂದು ಧೈರ್ಯ ತುಂಬಿ, ರಸೀದಿ, ಒಪ್ಪಂದಪತ್ರ ಏನಿದ್ದರೂ ಕೊಡಿ ಎಂದರು. ನಾನು ಕರೆಯೋಲೆಯನ್ನು ಮುಂದಿಟ್ಟೆ. ಅವರು ಅದನ್ನು ತಿರುಗಿಸಿ, ಮುಹೂರ್ತದ ಸಾಲನ್ನು ಕನ್ನಡಕ ಸರಿಪಡಿಸಿಕೊಂಡು ಓದಿ, 'ಇದರಲ್ಲಿ ವಧುವಿನ ಕಡೆಯವರು ನೀವೋ, ಮೇಸ್ತ್ರಿಯೋ?' ಎಂದು ಕೇಳಿದರು.