ದೋಸೆಗೆ ಐದು ನಿಮಿಷ ಆಯಸ್ಸು

ಮೊನ್ನೆ ಭಾನುವಾರ ಮನೇಲೇ ಕೂತು ಆಪ್‌ನಲ್ಲಿ ಮಸಾಲೆ ದೋಸೆ ತರಿಸಿದೆ. ಮೈಸೂರಿನ ಅಗ್ರಹಾರದ ಆ ಹೋಟೆಲ್‌ಗೂ ನಮ್ಮ ಮನೆಗೂ ಒಂದೂವರೆ ಕಿಲೋಮೀಟರ್. ಸೋಮಾರಿತನ, ಇನ್ನೇನಿಲ್ಲ. ಬಿಚ್ಚಿ ನೋಡಿದರೆ ಒದ್ದೆ ಟವೆಲ್ ಥರ ಮುದುಡಿಕೊಂಡು ಮಲಗಿತ್ತು. ಸಾಂಬಾರ್ ಕವರಿಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಚ್ಚೋಕಾಗದೆ ಹಲ್ಲಲ್ಲಿ ಕಚ್ಚಿದೆ, ಅರ್ಧ ಸಾಂಬಾರ್ ಬನಿಯನ್ನಿಗೆ.

ಒಂದು ಸ್ಟಾರ್ ಕೊಟ್ಟು ಬೈಯೋಣ ಅಂತ ಹೊರಟವನು ಸುಮ್ಮನಾದೆ. ಭಟ್ಟರದೇನು ತಪ್ಪು? ಕಾವಲಿಯಿಂದ ಎದ್ದ ದೋಸೆಗೆ ಐದು ನಿಮಿಷ ಆಯಸ್ಸು. ಬಿಸಿಯಾಗಿ ಸುತ್ತಿ ಮುಚ್ಚಿದರೆ ಅದರ ಹಬೆಯೇ ಅದನ್ನ ಮೆತ್ತಗೆ ಮಾಡುತ್ತೆ.

ಆ ಹೋಟೆಲ್‌ನಲ್ಲಿ ಮೊದಲು ಹನ್ನೊಂದು ಟೇಬಲ್ ಇತ್ತು. ಈಗ ನಾಲ್ಕು. ಕೊರೋನಾ ಬಂದು 2020ರ ಮಾರ್ಚ್‌ನಲ್ಲಿ ಮುಚ್ಚಿದ ಮೇಲೆ ಕೂತು ತಿನ್ನೋಕೆ ಮತ್ತೆ ಬಿಟ್ಟಿದ್ದು ಜೂನ್ 8ಕ್ಕೆ, ಅದೂ ಒಂದು ಬಿಟ್ಟು ಒಂದು ಟೇಬಲ್. ಉಸಿರು ಬಿಡೋಷ್ಟರಲ್ಲಿ 2021ರ ಏಪ್ರಿಲ್ ಕೊನೆಗೆ ಮತ್ತೆ ಬರೀ ಪಾರ್ಸೆಲ್. ದಸರಾ ಅಂದ್ರೆ ನಮ್ಮೂರ ಹೋಟೆಲ್‌ನವರಿಗೆ ಸುಗ್ಗಿ. ಆ ಎರಡು ವರ್ಷವೂ ಜಂಬೂಸವಾರಿ ಅರಮನೆ ಅಂಗಳ ದಾಟಲಿಲ್ಲ. ಖಾಲಿ ಬಿದ್ದ ಟೇಬಲ್ ತೆಗೆದು ಆ ಜಾಗದಲ್ಲಿ ಪಾರ್ಸೆಲ್ ಕೌಂಟರ್ ಹಾಕಿದರು. ಅದು ಹಾಗೇ ಉಳಿಯಿತು.

ಟೇಬಲ್ ಹೋದದ್ದು ಎಲ್ಲರಿಗೂ ಕಾಣುತ್ತೆ. ತಿಂಡಿಯೇ ಬದಲಾದದ್ದನ್ನ ಯಾರೂ ಗಮನಿಸಿದ ಹಾಗಿಲ್ಲ. ದಾರಿಯಲ್ಲಿ ಕೆಡದೆ ಮನೆ ತಲುಪೋ ತಿಂಡಿ ಗೆದ್ದಿತು: ಇಡ್ಲಿ, ಬಿಸಿಬೇಳೆಬಾತ್, ಪಲಾವ್. ಉಬ್ಬಿದ ಪೂರಿ ಡಬ್ಬಿಯಲ್ಲಿ ಚಪ್ಪಟೆಯಾಗುತ್ತೆ ಅಂತ ಭಾನುವಾರಕ್ಕಷ್ಟೇ ಉಳಿಯಿತು. ದೋಸೆಯನ್ನ ಸ್ವಲ್ಪ ದಪ್ಪ ಹುಯ್ಯೋದು ಶುರುವಾಯಿತು, ಪಲ್ಯ ಬೇರೆ ಕವರಿಗೆ ಹೋಯಿತು. ಬೇಜಾರೆಂದರೆ ಈಗ ಅಲ್ಲೇ ಕೂತು ತಿನ್ನೋನಿಗೂ ಅದೇ ದಪ್ಪ ದೋಸೆ!

ಯಜಮಾನರನ್ನ ಕೇಳಿದೆ. "ಏನ್ಮಾಡೋದು ಮೇಷ್ಟ್ರೇ, ಒಂದೇ ಕಾವಲಿ, ಎರಡು ಥರ ಹುಯ್ಯೋಕೆ ಆಳೆಲ್ಲಿ? ಆಪ್‌ನಲ್ಲಿ ನೂರು ರೂಪಾಯಿ ವ್ಯಾಪಾರ ಆದ್ರೆ ಇಪ್ಪತ್ತರ ಮೇಲೆ ಅವರಿಗೇ ಹೋಗುತ್ತೆ. ಬಿಟ್ರೆ ಗಿರಾಕಿ ಪಕ್ಕದ ಹೋಟೆಲ್‌ಗೆ ಹೋಗ್ತಾನೆ" ಅಂದರು. ಕೊರೋನಾ ನೆಪದಲ್ಲಿ ರೇಟ್ ಏರಿಸಿದರು ಅಂತ ಬೈಯೋರಿಗೆ ಇಷ್ಟೇ ಹೇಳ್ತೀನಿ: 2021ರ ನವೆಂಬರ್ ಹೊತ್ತಿಗೆ 19 ಕೆಜಿ ಸಿಲಿಂಡರ್ ಎರಡು ಸಾವಿರ ದಾಟಿತ್ತು. ದೋಸೆ ನೀರಲ್ಲಿ ಬೇಯಲ್ಲ.

ಬಂದದ್ದೆಲ್ಲ ಕೆಟ್ಟದ್ದೂ ಅಲ್ಲ. ಗಲ್ಲಾದಲ್ಲಿ ಚಿಲ್ಲರೆ ಬದಲು ಕೈಗೆ ತುರುಕುತ್ತಿದ್ದ ಚಾಕೊಲೇಟ್‌ನಿಂದ ಫೋನ್‌ಪೇ ನಮ್ಮನ್ನ ಬಿಡುಗಡೆ ಮಾಡಿತು. ಟೇಬಲ್ ಮೇಲೆ ಅಂಟಿಸಿದ್ದ ಕ್ಯೂಆರ್ ಮೆನು ಮಾತ್ರ ಬಾಳಲಿಲ್ಲ. ಹಳೇ ಸಪ್ಲೈಯರ್ ಬಂದು ನೀರಿನ ಲೋಟ ಕುಕ್ಕಿ, "ಇಡ್ಲಿ ವಡೆ ಖಾಲಿದೋಸೆ ಸೆಟ್‌ದೋಸೆ ಚೌಚೌಬಾತ್" ಅಂತ ಒಂದೇ ಉಸಿರಲ್ಲಿ ಒದರಿದರೇನೇ ನಮಗೆ ಹಸಿವು ಕೆರಳೋದು.

ನನ್ನ ಪ್ರಕಾರ ಹೋಟೆಲ್‌ನವರು ಒಂದು ಕೆಲಸ ಮಾಡಬಹುದು. ದೋಸೆಯನ್ನ ಪಾರ್ಸೆಲ್ ಪಟ್ಟಿಯಿಂದಲೇ ತೆಗೀಲಿ. ತೆಳ್ಳಗಿನ ದೋಸೆ ಬೇಕಿದ್ದೋನು ಬಂದು ಕೂತು ತಿನ್ನಲಿ. ವ್ಯಾಪಾರ ಬಿದ್ದುಹೋಗುತ್ತೆ ಅಂತೀರೇನೋ. ಬೀಳಬಹುದು. ನಾನೇನು ಬಂಡವಾಳ ಹಾಕಿದೋನಲ್ಲ, ಹೇಳೋದು ಸುಲಭ.

ನಿನ್ನೆ ನಡೆದುಕೊಂಡೇ ಹೋದೆ. ನಾಲ್ಕೂ ಟೇಬಲ್ ತುಂಬಿತ್ತು. ಒಬ್ಬರ ಎದುರು ಖಾಲಿ ಕುರ್ಚಿ ನೋಡಿ "ಯಾರಾದ್ರೂ ಬರ್ತಾರಾ ಸಾರ್?" ಅಂದೆ. ಅವರು ಪೇಪರ್ ಮಡಚಿ ಜಾಗ ಬಿಟ್ಟರು, ಒಳಗಿನ ಪುಟ ನನಗೆ ಕೊಟ್ಟರು. ಭಟ್ಟರಿಗೆ ತೆಳ್ಳಗೆ ಹುಯ್ಯೋಕೆ ಹೇಳಿಕಳಿಸಿದೆ, ಹುಯ್ದರು. ಮನೆಗೆ ಇಡ್ಲಿ ಕಟ್ಟಿಸಿಕೊಂಡೆ. ದೋಸೆ ಯಾಕೆ ತರಲಿಲ್ಲ ಅಂತ ಹೆಂಡತಿ ಕೇಳಿದಳು. ಬರೋ ಭಾನುವಾರ ಇಬ್ಬರೂ ಹೋಗೋದು ಅಂತಾಗಿದೆ.