ಮೂರು ಪೆಡಲು, ಎರಡು ಕಾಲು

ಫ್ಲೈಓವರಿನ ಏರಿನಲ್ಲಿ ಸಿಗ್ನಲ್ ಬಿಟ್ಟಿತು. ಮುಂದಿದ್ದ ಕಾರು ಒಂದು ಗೇಣು ಹಿಂದಕ್ಕೆ ಜಾರಿ, ಗಡಗಡ ನಡುಗಿ ಆಫ್ ಆಯಿತು. ತಕ್ಷಣ ಹಿಂದಿನ ಸಾಲಿಗೆ ಸಾಲೇ ಹಾರ್ನ್. ಹಾರ್ನ್ ಹೊಡೆದರೆ ಕ್ಲಚ್ ಬೇಗ ಹಿಡಿಯುತ್ತದೆಂದು ಇವರಿಗೆ ಹೇಳಿಕೊಟ್ಟ ಪುಣ್ಯಾತ್ಮ ಯಾರೋ! ಏರಿನಲ್ಲಿ ಮುಂದಿನವರ ಬಂಪರಿಗೆ ಮೂಗು ತಾಗಿಸಿಕೊಂಡು ನಿಲ್ಲುವವರೂ ಇವರೇ.

ಮೂರು ಪೆಡಲನ್ನು ಎರಡು ಕಾಲು ಹಂಚಿಕೊಳ್ಳುವುದರಲ್ಲಿ ಏನೋ ದೊಡ್ಡ ತತ್ವ ಇರಬೇಕು. ಅದು ಹಾಗಿರಲಿ, ಡ್ರೈವಿಂಗ್ ಸ್ಕೂಲಿನ ವಿಷಯಕ್ಕೆ ಬರೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಲಿಸುವ ಕಾರಿನಲ್ಲಿ ಜೋಡಿ ನಿಯಂತ್ರಣ ಇರಬೇಕು. ಹಾಗಾಗಿ ಮೇಷ್ಟ್ರ ಕಾಲಡಿಯಲ್ಲೂ ಒಂದು ಕ್ಲಚ್, ಒಂದು ಬ್ರೇಕ್. ಒಳ್ಳೆಯದೇ. ಆದರೆ ಶಿಷ್ಯ ದಡಕ್ಕನೆ ಕ್ಲಚ್ ಬಿಟ್ಟಾಗ ಮೇಷ್ಟ್ರು ಫೋನ್ ನೋಡುತ್ತಲೇ ತಮ್ಮ ಪೆಡಲನ್ನು ಅರ್ಧಕ್ಕೆ ಹಿಡಿದುಬಿಡುತ್ತಾರೆ. ಕಾರು ಬೆಣ್ಣೆಯಂತೆ ಹೊರಡುತ್ತದೆ. ಶಿಷ್ಯನಿಗೆ ತನ್ನ ಕಾಲಿನ ಮೇಲೆ ಅಪಾರ ಭರವಸೆ. ಹಾಫ್ ಕ್ಲಚ್ ಹಿಡಿದದ್ದು ಯಾರ ಕಾಲು ಅನ್ನುವುದು ಲೈಸೆನ್ಸ್ ಬಂದು, ಸ್ವಂತ ಕಾರು ಏರಿನಲ್ಲಿ ನಿಂತಾಗಲೇ ತಿಳಿಯುವುದು. 'ನಿಧಾನ ಬಿಡಿ, ನಿಧಾನ ಬಿಡಿ' ಅನ್ನುತ್ತಾರೆ ಹೊರತು ಎಲ್ಲಿಂದ ನಿಧಾನ ಅಂತ ಹೇಳುವುದಿಲ್ಲ.

ನಿಧಾನ ಬೇಕಿರುವುದು ಹೆಚ್ಚೆಂದರೆ ಒಂದಿಂಚಿಗೆ. ಸಮತಟ್ಟು ಜಾಗದಲ್ಲಿ, ಆಕ್ಸಿಲರೇಟರ್ ಮುಟ್ಟದೆ, ಫಸ್ಟ್ ಗೇರಿನಲ್ಲಿ ಕ್ಲಚ್ ಎತ್ತುತ್ತ ಬನ್ನಿ. ಎಂಜಿನ್ ದನಿ ತಗ್ಗಿತೇ? ಕಾಲು ಅಲ್ಲೇ ನಿಲ್ಲಲಿ. ಕಾರು ತಾನಾಗಿ ಹೊರಟು ಒಂದೆರಡು ಸೆಕೆಂಡಾದ ಮೇಲೆ ಉಳಿದದ್ದನ್ನು ಬಿಡಿ. ಏರಿನಲ್ಲಾದರೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಎಂಜಿನ್ ನಿಮಿಷಕ್ಕೆ 1500 ಸುತ್ತು ಹಾಕುವಷ್ಟು, ಅಂದರೆ 1500 ಆರ್‌ಪಿಎಂ ಆಸುಪಾಸು ಆಕ್ಸಿಲರೇಟರ್ ಕೊಟ್ಟು, ಬಾನೆಟ್ ತುಸು ತಲೆಯೆತ್ತುವವರೆಗೆ ಕ್ಲಚ್ ಬಿಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸುವುದು.

ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ಚಿನಲ್ಲೇ ನಿಲ್ಲುವ ಶೂರರಿದ್ದಾರೆ. ಕ್ಲಚ್ ಪ್ಲೇಟು ಎಂಜಿನ್ ತಿರುಗಿಸುವ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಉಜ್ಜಿ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಇವರು ಪಕ್ಕದ ಲಾರಿಯನ್ನು ನೋಡುತ್ತಾರೆ. ಮುಂದೊಂದು ದಿನ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ಸ್ಪೀಡ್ ಏರುವುದಿಲ್ಲ. ಪ್ಲೇಟು ಬದಲಿಸಬೇಕೆಂದರೆ ಗೇರ್‌ಬಾಕ್ಸೇ ಕೆಳಗಿಳಿಯಬೇಕು. ಇನ್ನು ಆಗುಂಬೆಯ 14 ತಿರುವುಗಳನ್ನು ಕ್ಲಚ್ ಒತ್ತಿಕೊಂಡೇ ಇಳಿಯುವವರು ಬೇರೆ. ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ. ಎರಡನೇ ಗೇರ್ ಇರುವುದು ಯಾತಕ್ಕೋ!

ಈ ಗೋಳೇ ಬೇಡವೆಂದು ಎಎಂಟಿ, ಅಂದರೆ ಕ್ಲಚ್ಚು ಗೇರು ತಾನೇ ನೋಡಿಕೊಳ್ಳುವ ಕಾರು ಕೊಂಡವರು ಎರಡೇ ಪೆಡಲಿನಲ್ಲಿ ಆರಾಮಾಗಿದ್ದಾರೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಕಾರನ್ನು ತಡೆದು ನಿಲ್ಲಿಸುತ್ತಾರೆ. ಅದರೊಳಗೂ ಇರುವುದು ಅದೇ ಕ್ಲಚ್ ಪ್ಲೇಟು. ಕಾಲಿನ ಬದಲು ಆಕ್ಚುಯೇಟರ್ ಎಂಬ ಯಂತ್ರ ಒತ್ತುತ್ತದೆ, ಸುಡುವುದು ಮಾತ್ರ ಹಾಗೇ.